ಎರಡು ಮಾತು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ

ಹಾಡು ಯಾರದು ಎಂದು ಕೇಳಿದರೆ ನಮ್ಮ ಕಡೆಯ ಜನ ನಗುತ್ತಾರೆ. ಹೊಳೆ ಯಾರದು, ಗಾಳಿ ಯಾರದು ಎಂದು ಕೇಳಿದ ಹಾಗೆ ಅವರಿಗೆ. ನಾನು ಮಾತ್ರ ಆ ಒಂದು ಪ್ರಶ್ನೆಯನ್ನು ಕೇಳಿಕೊಂಡೇ ಹೊಟ್ಟೆ ಹೊರೆದವಳು. ಅಂಗಡಿಯವರಿಗೋ ಛತ್ರದವರಿಗೋ ಜಾಹೀರಾತಿನ ವಿಡಿಯೊ ಮಾಡುವಾಗ ಹಿನ್ನೆಲೆಗೆ ಒಂದು ಜನಪ್ರಿಯ ಹಾಡು ಬೇಕಾಗುತ್ತದಲ್ಲ, ಆ ಹಾಡಿನ ಒಡೆಯರನ್ನು ಹುಡುಕಿ ಅವರಿಂದ ಒಪ್ಪಿಗೆ ತರುವುದು ನನ್ನ ಕೆಲಸವಾಗಿತ್ತು. ಹಾಸನದಂಥ ಊರಿನಲ್ಲಿ ಹೀಗೂ ಒಂದು ನೌಕರಿ ಇತ್ತು ಎಂದರೆ ಯಾರೂ ನಂಬುವುದಿಲ್ಲ. ನನ್ನ ತಂಗಿಯ ಮಗಳು ಸ್ಮಿತಾ ಈಗ ಇದೇ ಕೆಲಸಕ್ಕೆ ಸೇರಿಕೊಂಡಿದ್ದಾಳೆ. "ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದಿಡಿ" ಎಂದು ಗಂಟುಬಿದ್ದಳು. ಅವಳಂಥವರಿಗಾಗಿ ಇಷ್ಟು ಬರೆಯುತ್ತಿದ್ದೇನೆ. ಸಂಬಳ, ಬಡ್ತಿಯ ಕತೆ ಇದರಲ್ಲಿಲ್ಲ. ಅದು ಹೇಳುವಷ್ಟು ಇರಲೂ ಇಲ್ಲ.

ನಮ್ಮದು ಹೊಳೆನರಸೀಪುರ. ತಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರು. ತೊಂಬತ್ತರ ದಶಕದ ಮೊದಲಿಗೆ ನಾನು ಬೆಳಗಿನ ರೈಲು ಹಿಡಿದು ಹಾಸನಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿದ್ದ ಪಬ್ಲಿಸಿಟಿ ಆಫೀಸಿನಲ್ಲಿ ಟೈಪಿಸ್ಟಾಗಿ ಸೇರಿದೆ. ಮಾಲೀಕರು ಶ್ರೀಕಂಠಯ್ಯ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ಟಾಕೀಸುಗಳಿಗೆ ಸ್ಲೈಡು, ಆಟೋದಲ್ಲಿ ಮೈಕು ಕಟ್ಟಿ ಪ್ರಚಾರ, ಆಮೇಲೆ ಕೇಬಲ್ ಟಿವಿಗೆ ಜಾಹೀರಾತು, ಇದು ನಮ್ಮ ವ್ಯಾಪಾರ. ಹಾಡು ಬೇಕೆಂದರೆ ಕ್ಯಾಸೆಟ್ ತಂದು ಹಾಕುವುದು, ಅಷ್ಟೆ. ಎಡಿಟರ್ ರಫೀಕ್ ಎರಡು ಟೇಪ್ ರೆಕಾರ್ಡರುಗಳ ನಡುವೆ ಕೂತು ಬೇಕಾದ ಪಲ್ಲವಿಯನ್ನು ಕತ್ತರಿಸಿ ತೆಗೆಯುತ್ತಿದ್ದ. ಯಾರನ್ನಾದರೂ ಕೇಳಬೇಕು ಎಂಬ ಯೋಚನೆ ದೇವರಾಣೆಗೂ ನಮಗೆ ಬಂದಿರಲಿಲ್ಲ.

ಬಂದದ್ದು ವಕೀಲರ ನೋಟಿಸಿನ ರೂಪದಲ್ಲಿ. ಸ್ಟೀಲ್ ಪಾತ್ರೆ ಅಂಗಡಿಯೊಂದರ ಜಾಹೀರಾತಿಗೆ ನಾವು ಹಾಕಿದ್ದ ಸಿನಿಮಾ ಹಾಡು ಬೆಂಗಳೂರಿನ ಯಾವುದೋ ಕ್ಯಾಸೆಟ್ ಕಂಪನಿಯ ಕಿವಿಗೆ ಬಿದ್ದಿತ್ತು. ನೋಟಿಸು ಇಂಗ್ಲಿಷಿನಲ್ಲಿತ್ತು, ಆದ್ದರಿಂದ ನನ್ನ ಮೇಜಿಗೆ ಬಂತು. ನಾನು ಓದಿ ಅರ್ಥ ಹೇಳಿದೆ. ಶ್ರೀಕಂಠಯ್ಯನವರಿಗೆ ನಖಶಿಖಾಂತ ಉರಿಯಿತು.

"ಅಲ್ಲಮ್ಮಾ ವಿಶಾಲಾಕ್ಷಿ, ಅದೇ ಹಾಡು ರೇಡಿಯೋದಲ್ಲಿ ಪುಕ್ಸಟ್ಟೆ ಬತ್ತದೆ. ಓಟ್ಲಿನಲ್ಲಿ ಬತ್ತದೆ. ಗಣೇಶನ ಪೆಂಡಾಲಲ್ಲಿ ಬತ್ತದೆ. ನಾವು ಹಾಕುದ್ರೆ ಕಳ್ತನವಾ?"

"ನಾವು ಅದನ್ನ ಹಾಕಿ ಪಾತ್ರೆ ಮಾರ್ತಿದೀವಲ್ಲ ಸರ್" ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಅವರು ಮೀಸೆ ಸವರಿಕೊಂಡು ನನ್ನನ್ನೇ ನೋಡಿದರು. "ಇಷ್ಟೆಲ್ಲ ತಿಳಿದಿದ್ದ ಮೇಲೆ ನೀನೇ ಬೆಂಗಳೂರಿಗೆ ಹೋಗಿ ಇತ್ಯರ್ಥ ಮಾಡ್ಕೊಂಡು ಬಾ." ನನ್ನ ವೃತ್ತಿ ಶುರುವಾದದ್ದು ಹೀಗೆ.

ಬೆಂಗಳೂರಿನಲ್ಲಿ ತಿಳಿದ ಸಂಗತಿ ನನ್ನನ್ನು ಬೆರಗುಗೊಳಿಸಿತು. ಒಂದು ಹಾಡಿಗೆ ಒಬ್ಬ ಒಡೆಯ ಇರುವುದಿಲ್ಲ. ಮಾತು ಬರೆದವರು ಬೇರೆ, ರಾಗ ಹಾಕಿದವರು ಬೇರೆ, ಹಾಡಿದವರು ಬೇರೆ, ಅದನ್ನು ಟೇಪಿಗೆ ಇಳಿಸಿ ಮಾರಿದ ಕಂಪನಿ ಬೇರೆ. ಅಣ್ಣತಮ್ಮಂದಿರ ಕೂಡುಕುಟುಂಬದ ಜಮೀನಿದ್ದ ಹಾಗೆ, ಎಲ್ಲರೂ ರುಜು ಹಾಕದೆ ಒಂದು ಗುಂಟೆಯೂ ಅಲುಗುವುದಿಲ್ಲ. ಕೆಲವರು ಎಲ್ಲವನ್ನೂ ಕಂಪನಿಗೇ ಬರೆದುಕೊಟ್ಟು ಕೈ ತೊಳೆದುಕೊಂಡಿರುತ್ತಾರೆ, ಕೆಲವರು ಕೊಟ್ಟಿರುವುದಿಲ್ಲ. ಯಾವುದು ಯಾರ ಪಾಲಿಗೆ ಎಂದು ಪತ್ತೆ ಹಚ್ಚುವುದರಲ್ಲಿ ನನಗೆ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ಅಂದಿನಿಂದ ಯಾವ ಹಾಡು ಕೇಳಿದರೂ ಮೊದಲು ತಲೆಗೆ ಬರುತ್ತಿದ್ದದ್ದು, ಇದರ ಹಿಂದೆ ಯಾರು ಯಾರಿದ್ದಾರೋ ಎನ್ನುವ ಕುತೂಹಲ.

ಒಮ್ಮೆ ಚನ್ನರಾಯಪಟ್ಟಣದ ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯವರು ತಮ್ಮ ಜಾಹೀರಾತಿಗೆ ಒಂದು ಸಿನಿಮಾ ಜೋಗುಳವೇ ಬೇಕೆಂದು ಹಟ ಹಿಡಿದರು. ಅದನ್ನು ಬರೆದ ಕವಿಗಳು ತುಂಬ ವಯಸ್ಸಾದವರು. ಮನೆಗೆ ಹೋಗಿ ನಮಸ್ಕಾರ ಮಾಡಿ ವಿಷಯ ಹೇಳಿದೆ. ಶ್ರೀಕಂಠಯ್ಯ ಹೇಳಿಕೊಟ್ಟಿದ್ದ ವಾದವನ್ನೂ ಹಾಗೇ ಒಪ್ಪಿಸಿದೆ: "ಔಷಧಿ ಹೊಡೆದ ಮೇಲೆ ಹುಳುಗಳು ನೆಮ್ಮದಿಯಾಗಿ ಮಲಗುತ್ತವೆ ಎಂದು ತೋರಿಸ್ತೀವಿ ಸರ್." ಅವರು ನಕ್ಕರು ನಕ್ಕರು, ಕೆಮ್ಮು ಹತ್ತಿ ಸೊಸೆ ನೀರು ತರಬೇಕಾಯಿತು. ಕಣ್ಣೊರೆಸಿಕೊಂಡು, "ಕೊಡೋದಿಲ್ಲಮ್ಮ. ಅದನ್ನ ಕೇಳಿ ನನ್ನ ಮೊಮ್ಮಗು ಮಲಗುತ್ತೆ" ಎಂದರು. ಅಷ್ಟೇ. ಕಾಫಿ ಕೊಟ್ಟು ಕಳಿಸಿದರು. ಹಾಡಿನ ಒಡೆಯ ಎಂದರೆ ಬೆಲೆ ಹೇಳುವವನು ಮಾತ್ರವಲ್ಲ, ಇಲ್ಲ ಎನ್ನುವವನು ಕೂಡ ಎಂದು ಬಸ್ಸಿನಲ್ಲಿ ಬರುವಾಗ ಅನಿಸಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಇಂಟರ್ನೆಟ್ಟಿನ ವಿಡಿಯೊ ಬಂತು. ಆಗ ನಮ್ಮ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಬಿತ್ತನೆ ಆಲೂಗೆಡ್ಡೆ ವ್ಯಾಪಾರಿಯೊಬ್ಬರ ಮೊದಲ ಇಂಟರ್ನೆಟ್ ವಿಡಿಯೊಗೆ ಹಾಡು ಕೇಳಿ ಬರೆದೆವು. 'ಎಲ್ಲೆಲ್ಲಿ ಪ್ರಸಾರ' ಎಂಬ ಜಾಗದಲ್ಲಿ ಶ್ರೀಕಂಠಯ್ಯನವರು ಗಂಭೀರವಾಗಿ 'ಹಾಸನ ಜಿಲ್ಲೆ, ಅರಕಲಗೂಡು ತಾಲ್ಲೂಕು ಸೇರಿದಂತೆ' ಎಂದು ತುಂಬಿಸಿದರು. ಕಂಪನಿಯ ಹುಡುಗಿ ಫೋನಿನಲ್ಲಿ ನಗು ತಡೆದುಕೊಂಡು, ಇಂಟರ್ನೆಟ್ಟಿಗೆ ಜಿಲ್ಲೆ ಇಲ್ಲ, ಇಡೀ ಪ್ರಪಂಚಕ್ಕೆ ಒಪ್ಪಿಗೆ ತೆಗೆದುಕೊಳ್ಳಬೇಕು ಎಂದಳು. ನಮ್ಮ ಯಜಮಾನರು ಫೋನು ಕಿತ್ತುಕೊಂಡರು.

"ಅಮೇರಿಕದೋನು ನಮ್ಮ ಆಲೂಗೆಡ್ಡೆ ಬೀಜ ತಗಳ್ಳಕೆ ಬತ್ತಾನೇನಮ್ಮಾ? ಹಾಸನದ ಕೆಂಪು ಬಸ್ ಹತ್ಕೊಂಡು?"

ಎಷ್ಟು ವಾದಿಸಿದರೂ ಪ್ರಪಂಚವನ್ನು ಅರಕಲಗೂಡಿಗೆ ಇಳಿಸಲು ಆಗಲಿಲ್ಲ. ನನ್ನನ್ನು ಅದಕ್ಕಿಂತ ಯೋಚನೆಗೆ ಹಚ್ಚಿದ್ದು ಇನ್ನೊಂದು. ಗೋಡೆಯ ಮೇಲೆ ಬರೆದ ಜಾಹೀರಾತು ನಾಲ್ಕು ಮಳೆಗೆ ಅಳಿಸಿಹೋಗುತ್ತದೆ, ಆಟೋದಲ್ಲಿ ಕೂಗಿದ್ದು ಬೀದಿ ತಿರುಗಿದರೆ ಮುಗಿಯಿತು. ಇದು ಹಾಗಲ್ಲ, ಅಲ್ಲೇ ಕೂತಿರುತ್ತದೆ. ತಪ್ಪು ಮಾಡಿದರೆ ತಪ್ಪೂ ಅಲ್ಲೇ ಕೂತಿರುತ್ತದೆ. ಈ ಮಾತಿನ ಅರ್ಥ ಪೂರ್ತಿ ತಿಳಿದದ್ದು ಜವರೇಗೌಡರ ಛತ್ರದ ಪ್ರಕರಣದಲ್ಲಿ.

ಜವರೇಗೌಡರು ಹಿರೀಸಾವೆಯ ಹತ್ತಿರ ಹೆದ್ದಾರಿಗೆ ಮುಖ ಮಾಡಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಜೀವಮಾನದ ಆಸೆ ಅದು. ಮೊದಲ ಮದುವೆ ಅವರ ಮಗಳದ್ದೇ ಎಂದು ನಿಶ್ಚಯವಾಗಿತ್ತು. ಬೆಂಗಳೂರಿನ ಕಾರ್ಖಾನೆಗಳಲ್ಲಿರುವ ನಮ್ಮ ಕಡೆಯವರೆಲ್ಲ ನೋಡಲಿ ಎಂದು ಇಂಟರ್ನೆಟ್ಟಿಗೊಂದು ವಿಡಿಯೊ ಬೇಕೆಂದರು. ಹಾಡು ಅವರೇ ಆರಿಸಿದರು: ಬಾಗಿಲು ತಡೆಯುವ ಶಾಸ್ತ್ರದ ಸೋಬಾನೆ. ಹೊಸ ಹೆಣ್ಣುಗಂಡು ಹೊಸಿಲ ಮುಂದೆ ನಿಂತಾಗ, ಬಾಗಿಲು ತೆಗೆಯಿರಿ ಎಂದು ಒಬ್ಬಳು ಹಾಡಿನಲ್ಲಿ ಕೇಳುತ್ತಾಳೆ, ಅದೇ ಸಾಲನ್ನು ಇನ್ನೊಬ್ಬಳು ಎತ್ತಿಕೊಂಡು ಒಳಗಿನವರ ಪರವಾಗಿ ಸೊಲ್ಲು ಕೊಡುತ್ತಾಳೆ. ಮಲ್ಲಿಪಟ್ಟಣದ ನಿಂಗಮ್ಮ ಎಂಬಾಕೆ ಇದನ್ನು ಹಾಡಿದ ಕ್ಯಾಸೆಟ್ ತೊಂಬತ್ತರ ದಶಕದಲ್ಲಿ ಮನೆಮನೆಯಲ್ಲಿತ್ತು. ನಮ್ಮ ಹೊಳೆನರಸೀಪುರದ ಬೀದಿಯಲ್ಲೂ ಕೇಳಿದ್ದೆ. ಕ್ಯಾಸೆಟ್ಟಿನಲ್ಲಿ ನಿಂಗಮ್ಮನ ಧ್ವನಿ ಮಾತ್ರ, ಸೊಲ್ಲು ಬರಬೇಕಾದ ಕಡೆಯೆಲ್ಲ ಪಿಟೀಲು. ಆ ಪಿಟೀಲು ನುಡಿಯುವಾಗ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸರು ತಾವೇ ಸೊಲ್ಲು ಕೊಟ್ಟುಕೊಳ್ಳುತ್ತಿದ್ದರು.

ನಿಂಗಮ್ಮ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಹಾಡು ಜನಪದರದ್ದು, ಧ್ವನಿಯ ಹಕ್ಕು ಕಂಪನಿಯದು. ಕಂಪನಿಯಿಂದ ಇಡೀ ಪ್ರಪಂಚಕ್ಕೆ ಒಪ್ಪಿಗೆ ತಂದೆ. ಎಲ್ಲ ಕ್ರಮವಾಗಿತ್ತು. ವಿಡಿಯೊ ಅರ್ಧ ನಿಮಿಷ ಮೀರಬಾರದು ಎಂದು ಗೌಡರು ಹೇಳಿದ್ದರಿಂದ ರಫೀಕ್ ಪಿಟೀಲಿನ ಜಾಗಗಳನ್ನೆಲ್ಲ ಕತ್ತರಿಸಿದ. ಅದೇ ಸಾಲು ಎರಡೆರಡು ಸಲ ಯಾಕೆ ಎಂದು ನಮಗೆಲ್ಲರಿಗೂ ಅನಿಸಿತ್ತು. ನಿಂಗಮ್ಮ ಕೇಳುತ್ತಾಳೆ, ಛತ್ರದ ದೊಡ್ಡ ಬಾಗಿಲು ತೆರೆಯುತ್ತದೆ, ತಕ್ಷಣ ಗಂಡಸಿನ ದನಿ: 'ವಿಶಾಲವಾದ ಊಟದ ಹಾಲ್, ಕಾರು ನಿಲ್ಲಿಸಲು ಜಾಗ.' ನೋಡಲು ಬಲು ಚೆನ್ನಾಗಿತ್ತು. ಗೌಡರು ಅದನ್ನು ಇಂಟರ್ನೆಟ್ಟಿಗೆ ಹಾಕಿಸಿದ್ದಲ್ಲದೆ ಛತ್ರದ ಆಫೀಸಿನಲ್ಲಿ ಟಿವಿ ಇಟ್ಟು ಬೆಳಗಿನಿಂದ ಸಂಜೆವರೆಗೆ ಓಡಿಸಿದರು.

ಹದಿನೈದು ದಿನವೂ ಕಳೆದಿರಲಿಲ್ಲ, ಗೌಡರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದು ದಪ್ಪನೆ ಕುರ್ಚಿಯಲ್ಲಿ ಕೂತರು. ಮುಖ ಬಾಡಿಹೋಗಿತ್ತು. ಬೀಗರ ಕಡೆಯವರು ಕೊಣನೂರಿನಿಂದ ಛತ್ರ ನೋಡಲು ಬಂದಿದ್ದರಂತೆ. ಗಂಡಿನ ಅಜ್ಜಿ ಟಿವಿಯ ಮುಂದೆ ಕೂತು ಒಂದು ಸಲ ನೋಡಿದರು, ಎರಡು ಸಲ ನೋಡಿದರು, ಎದ್ದು ಹೊರಗೆ ಹೋಗಿ ನಿಂತುಬಿಟ್ಟರು.

"ಏನಂದ್ರು ಗೊತ್ತಾ ಸಾ? 'ಅವ್ಳು ಅಷ್ಟು ಕರೀತಾವ್ಳೆ, ಒಳಗಿಂದ ಒಬ್ರೂ ಸೊಲ್ಲು ಕೊಡಾಕಿಲ್ವಲ್ಲ. ಹಾಳು ಮನೆ ಬಾಗ್ಲು ತಗ್ದಂಗೆ ತಗೀತದೆ. ನನ್ನ ಮೊಮ್ಮಗನ್ನ ಇಂತಾ ಬಾಗ್ಲಗೆ ತರಾಕಿಲ್ಲ' ಅಂದ್ಬುಟ್ರು. ಟೀವಿ ಕಿತ್ತಾಕಿಸ್ದೆ. ಇಂಟ್ರನೆಟ್ನಿಂದ್ಲೂ ತಗ್ಸ್ತೀನಿ ಅಂದ್ರೆ, ಅದಕ್ಕೂ ಒಪ್ನಿಲ್ಲ ಆವಮ್ಮ. 'ಕರ್ದಿದ್ದು ಕರ್ದಾಗೈತೆ. ಕರ್ದ ಬಾಯ್ಗೆ ಸೊಲ್ಲು ಕೊಡ್ಸು, ಆಮೇಕೆ ಬತ್ತೀನಿ' ಅಂತಾರೆ. ನನ್ನ ಮಗ್ಳ ಮದ್ವೆ ನನ್ನ ಛತ್ರದಾಗೇ ಆಗ್ನಿಲ್ಲ ಅಂದ್ರೆ ಇನ್ಯಾರು ಬತ್ತಾರೆ ಸಾ ಅಲ್ಲಿಗೆ?"

ರಫೀಕ್ ಮೆಲ್ಲಗೆ, "ಪಿಟೀಲು ವಾಪಸ್ ಸೇರಿಸ್ತೀನಿ" ಎಂದ. ಗೌಡರು ತಲೆಯಾಡಿಸಿದರು. "ಅದ್ನೂ ಕೇಳ್ದೆ ಕಣಪ್ಪ. 'ಪಿಟೀಲು ಬಾಗ್ಲು ತಗೀತದಾ?' ಅಂದ್ರು."

ನಿಂಗಮ್ಮನಿಗೆ ಸೊಲ್ಲು ಕೊಡುತ್ತಿದ್ದವರು ಯಾರು ಎಂದು ವಿಚಾರಿಸಿದೆ. ದ್ಯಾವಮ್ಮ ಎಂಬಾಕೆ, ಅದೇ ಮಲ್ಲಿಪಟ್ಟಣದವರು, ಬದುಕಿದ್ದಾರೆ ಎಂದು ತಿಳಿಯಿತು. ಜೊತೆಗೆ ಇನ್ನೊಂದು ಮಾತೂ ತಿಳಿಯಿತು: ಆ ಹಾಡನ್ನು ಆಕೆ ಬಾಯಿಗೆ ತಂದು ಎಷ್ಟೋ ವರ್ಷಗಳಾಗಿವೆ.

ಒಪ್ಪಿಗೆ ಪತ್ರ ಟೈಪು ಮಾಡಿಕೊಂಡು ಅರಕಲಗೂಡಿನ ಬಸ್ಸು ಹಿಡಿದು ಹೋದೆ. ದ್ಯಾವಮ್ಮ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದರು. ಎಪ್ಪತ್ತರ ಹತ್ತಿರದ ಗಟ್ಟಿ ಮೈ. ನಾನು ವಿಷಯವನ್ನೆಲ್ಲ ವಿವರಿಸಿ ಕಾಗದ ಮುಂದೆ ಹಿಡಿದೆ. ಅವರು ಅದನ್ನು ನೋಡಲೇ ಇಲ್ಲ.

"ಕಾಗ್ದ ತಂದಿದ್ದೀಯ. ಎಲೆ ಅಡ್ಕೆ ಎಲ್ಲಿ?"

ನನಗೆ ನಾಚಿಕೆಯಾಯಿತು. ಸೋಬಾನೆಯವರನ್ನು ಮದುವೆಗೆ ಕರೆಯಬೇಕಾದರೆ ಎಲೆ ಅಡಿಕೆ ಕೊಟ್ಟು ಕರೆಯಬೇಕು, ಅದು ನನಗೂ ಗೊತ್ತಿದ್ದದ್ದೇ. ಬೆಂಗಳೂರಿನ ಕಂಪನಿಗಳ ಬಾಗಿಲು ಕಾದು ಕಾದು ಮರೆತೇಹೋಗಿತ್ತು. ಮತ್ತೆ ಬಸ್ ಸ್ಟಾಪಿನವರೆಗೆ ನಡೆದು ಅಂಗಡಿಯಿಂದ ಎಲೆ, ಅಡಿಕೆ, ಬಾಳೆಹಣ್ಣು ತಂದು, ಬಗ್ಗಿ ಕೊಟ್ಟೆ. ತೆಗೆದುಕೊಂಡರು. ಒಂದು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ಆಮೇಲೆ ಹೇಳಿದರು:

"ಕರ್ದೆ, ಸಂತೋಸ. ಆದ್ರೆ ಆ ಹಾಡು ಬ್ಯಾಡ."

ಯಾಕೆ ಎಂದು ಕೇಳಿದೆ. ಕೇಳುವುದು ನನ್ನ ಚಾಳಿ. ಎಲೆ ಅಗಿದು ಮುಗಿಸಿ ಹೇಳಿದರು:

"ನಾನೂ ನಿಂಗಿನೂ ಲಂಗ ಆಕ್ಕಂಡಿದ್ದ ಕಾಲದಿಂದ ಜೊತೆಗೆ ಹಾಡ್ದೋರು ಕಣವ್ವ. ಅವ್ಳು ಎತ್ತೋದು, ನಾನು ಸೊಲ್ಲು ಕೊಡೋದು. ಮದ್ವೆ ಮನೆ ಗಲಾಟೆನಾಗೆ ನಂಗೆ ಕೇಳ್ಸಾಕಿಲ್ಲ ಅಂತ, ಅವ್ಳ ಸಾಲು ಮುಗೀತಿದ್ದಂಗೆ ಮೊಣಕೈನಾಗೆ ತಿವಿಯೋಳು. 'ಎತ್ತೇ ದ್ಯಾವಿ' ಅನ್ನೋಳು. ಕ್ಯಾಸೆಟ್ನೋರು ಕಾರ್ ತಕ್ಕಂಡು ಬಂದ್ರು. ಒಬ್ರು ಸಾಕು ಅಂದ್ರು. ಇವ್ಳು ಒಬ್ಳೇ ಕಾರ್ ಹತ್ಕಂಡು ಹೋದ್ಲು. 'ದ್ಯಾವಿ ಬರ್ದೆ ನಾನೂ ಬರಾಕಿಲ್ಲ' ಅಂತ ಒಂದ್ ಮಾತು ಅನ್ನಬೌದಿತ್ತಲ್ವಾ? ಅನ್ನಿಲ್ಲ. ನನ್ನ ಜಾಗಕ್ಕೆ ಪಿಟೀಲು ಮಡಿಕ್ಕಂಡ್ಲು. ಆಮೇಕೂ ಮಾತಾಡ್ತಿದ್ವಿ, ಕಷ್ಟ ಸುಖಕ್ಕೆ ಆಗ್ತಿದ್ವಿ. ಆ ಹಾಡು ಮಾತ್ರ ಇಬ್ರೂ ಎತ್ನಿಲ್ಲ. ಅಂಗೇ ಓಗ್ಬುಟ್ಲು."

ಗೌಡರ ಮಗಳ ವಿಷಯ ಮತ್ತೆ ಹೇಳಿದೆ. ಹೊಸಿಲ ಮುಂದೆ ಒಂದು ಹುಡುಗಿ ನಿಂತಿದ್ದಾಳೆ, ನೀವು ಸೊಲ್ಲು ಕೊಡದಿದ್ದರೆ ಬಾಗಿಲು ತೆರೆಯುವುದಿಲ್ಲ ಎಂದೆ. ಅದು ನಿಜವೂ ಆಗಿತ್ತು. ದ್ಯಾವಮ್ಮ ಮೊರ ಕೊಡವಿ ಎದ್ದರು. "ಎಣ್ಣೈಕಳ ವಿಚಾರ ಅಂತೀಯ. ಬತ್ತೀನಿ. ಅವ್ಳಿಗೋಸ್ಕರ ಅಲ್ಲ."

ಪಿಟೀಲಿನ ಮೇಲೆಯೇ ದ್ಯಾವಮ್ಮನ ಧ್ವನಿ ಕೂರಿಸಿದರೆ ಎರಡೂ ಜಗಳವಾಡುತ್ತವೆ ಎಂದು ರಫೀಕ್ ಹೇಳಿದ. ನಿಂಗಮ್ಮನ ಧ್ವನಿಯಷ್ಟೇ ಇರುವ ಮೂಲ ಟ್ರ್ಯಾಕ್ ಇದೆಯೇ ಎಂದು ಕಂಪನಿಯನ್ನು ಕೇಳಿದೆ. ಅಲ್ಲಿನ ಹಳೆಯ ರೆಕಾರ್ಡಿಂಗ್ ನೌಕರರೊಬ್ಬರು ಉಗ್ರಾಣದಲ್ಲಿ ತಡಕಾಡಿ ಹುಡುಕಿ, ಸಿ.ಡಿ.ಗೆ ಹಾಕಿ ಕೊಟ್ಟರು. ರಫೀಕ್ ಮೊದಲ ಸಾಲಿನ ಅರ್ಧ ಕೇಳಿ, ಸರಿಯಾಗಿದೆ ಎಂದು ಎತ್ತಿಟ್ಟ.

ಗೊತ್ತಾದ ದಿನ ಬೆಳಿಗ್ಗೆ ದ್ಯಾವಮ್ಮ ಒಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದರು. ನಮ್ಮ ಆಫೀಸಿನ ಹಿಂದಿನ ಕೋಣೆಯೇ ಸ್ಟುಡಿಯೊ. ಗೌಡರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. ಶ್ರೀಕಂಠಯ್ಯನವರು ಜೀವನದಲ್ಲಿ ಮೊದಲ ಸಲ ದನಿ ತಗ್ಗಿಸಿ ಮಾತಾಡುತ್ತಿದ್ದರು. ರಫೀಕ್ ದ್ಯಾವಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ, ತಾನೊಂದು ಹಾಕಿಕೊಂಡು, ನನಗೂ ಒಂದು ಕೊಟ್ಟ.

ನಿಂಗಮ್ಮನ ಧ್ವನಿ ಬಂತು. ಪಿಟೀಲಿಲ್ಲ, ತಬಲವಿಲ್ಲ. ಪಕ್ಕದಲ್ಲಿ ಕೂತು ಹಾಡಿದ ಹಾಗೆ. ಬಾಗಿಲು ತೆಗೆಯಿರಿ ಎಂಬ ಸಾಲು ಮುಗಿಯಿತು. ಮುಗಿದ ತಕ್ಷಣ, ಪಿಟೀಲು ಬರಬೇಕಿದ್ದ ಆ ಖಾಲಿ ಜಾಗದಲ್ಲಿ, ತಗ್ಗಿದ ದನಿಯಲ್ಲಿ ಕೇಳಿಸಿತು:

"ಎತ್ತೇ ದ್ಯಾವಿ."

ದ್ಯಾವಮ್ಮ ಹಾಡಲಿಲ್ಲ. ಟ್ರ್ಯಾಕ್ ಮುಂದೆ ಓಡಿತು. ಎರಡನೆಯ ಸಾಲು, ಅದರ ಕೊನೆಗೆ ಮತ್ತೆ ಅದೇ. ಮೂರನೆಯದಕ್ಕೂ ಅದೇ. ಬೆಂಗಳೂರಿನ ಸ್ಟುಡಿಯೊದ ಗಾಜಿನ ಕೋಣೆಯಲ್ಲಿ ಒಬ್ಬಳೇ ನಿಂತು, ಪಕ್ಕದಲ್ಲಿ ಇಲ್ಲದವಳನ್ನು ನಿಂಗಮ್ಮ ಪ್ರತಿ ಸಾಲಿಗೂ ಕರೆದಿದ್ದಳು. ಅಭ್ಯಾಸಬಲವೋ, ಬೇಕೆಂದೇ ಕರೆದದ್ದೋ, ನನಗೆ ಇವತ್ತಿಗೂ ತಿಳಿಯದು. ಅದು ಕೇಳದಿರಲಿ ಎಂದೇ ಆ ಜಾಗಕ್ಕೆ ಪಿಟೀಲು ತುಂಬಿದ್ದರು. ರಫೀಕ್ ಗಾಬರಿಯಿಂದ ನಿಲ್ಲಿಸಿದ.

ದ್ಯಾವಮ್ಮ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. "ಇದ್ಯಾವಾಗ ಅಂದ್ಲು?" ಎಂದರು.

"ಆವತ್ತೇ ಅಜ್ಜಿ. ಕ್ಯಾಸೆಟ್ ಮಾಡಿದ ದಿನ" ಎಂದ ರಫೀಕ್.

ಅವರ ಮುಖದಲ್ಲಿ ಏನೇನು ಹಾದುಹೋಯಿತೋ. ನಾನು ನೋಡಲಾಗದೆ ಗೋಡೆಯ ಕಡೆ ತಿರುಗಿದೆ. "ಲೌಡಿ" ಎಂದು ಬೈದರು, ಕೂಸನ್ನು ಬೈಯುವ ದನಿಯಲ್ಲಿ. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ತಿರ್ಗಾ ಆಕಪ್ಪ ಮೊದ್ಲಿಂದ" ಎಂದರು.

ಸೊಲ್ಲು ಕೊಟ್ಟರು. ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅರ್ಧ ನಿಮಿಷ ಸಾಕು ಎಂದಿದ್ದ ಗೌಡರು, ಹಾಡು ಪೂರ್ತಿ ಮುಗಿದ ಮೇಲೂ ಬಾಗಿಲಲ್ಲಿ ಕಣ್ಣು ತುಂಬಿಕೊಂಡು ನಿಂತೇ ಇದ್ದರು.

ಆಮೇಲೆ ನನ್ನ ಕೆಲಸ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದೆ: ಇಡೀ ಪ್ರಪಂಚ, ಎಷ್ಟು ಕಾಲವಾದರೂ, ಯಾರು ಬೇಕಾದರೂ ಕೇಳಬಹುದು. ದ್ಯಾವಮ್ಮ ತಲೆಯಾಡಿಸುತ್ತ ಬಂದರು. ನಡುವೆ ರಫೀಕ್, "ಅಜ್ಜಿ, ಆ 'ಎತ್ತೇ ದ್ಯಾವಿ' ಅನ್ನೋದನ್ನ ಹಾಗೇ ಇಡ್ತೀನಿ. ಕೇಳ್ದೋರೆಲ್ಲ ಅತ್ತುಬಿಡ್ತಾರೆ" ಎಂದ. ಗೌಡರೂ ಹೌದು ಹೌದು ಎಂದರು. ಜಾಹೀರಾತಿನವರ ಕಣ್ಣಿಗೆ ಅದು ಬಂಗಾರವೇ, ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನಿಸಿತ್ತು.

"ಬ್ಯಾಡ" ಎಂದರು ದ್ಯಾವಮ್ಮ. "ಅವ್ಳ ಹಾಡು ಮಡಿಕ್ಕಳಿ, ನನ್ನ ಸೊಲ್ಲು ಮಡಿಕ್ಕಳಿ. ಆ ಎಲ್ಡು ಮಾತು ಮಾತ್ರ ಕೊಡಾಕಿಲ್ಲ. ಅದು ಊರ್ಗೆ ಅಂದಿದ್ದಲ್ಲ. ನಂಗೆ ಅಂದಿದ್ದು."

ಪತ್ರದ ಕೊನೆಗೆ, ಆ ಎರಡು ಮಾತು ಬಿಟ್ಟು ಎಂದು ನನ್ನ ಕೈಯಲ್ಲೇ ಬರೆದು ಸೇರಿಸಿದೆ. ಅವರು ಹೆಬ್ಬೆಟ್ಟು ಒತ್ತಿದರು. ಹೋಗುವಾಗ ಆ ಎರಡು ಮಾತಿರುವ ಭಾಗದ ಒಂದು ಕ್ಯಾಸೆಟ್ ಮಾಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಕೊಣನೂರಿನ ಅಜ್ಜಿ ಛತ್ರಕ್ಕೆ ಬಂದು, ಟಿವಿಯಲ್ಲಿ ಹಾಡನ್ನು ಕೊನೆಯವರೆಗೆ ಕೇಳಿ, ಬಲಗಾಲಿಟ್ಟು ಒಳಗೆ ನಡೆದರು. ಗೌಡರ ಮಗಳ ಮದುವೆ ಅಲ್ಲೇ ಆಯಿತು. ಊಟಕ್ಕೆ ನಾವೂ ಹೋಗಿದ್ದೆವು.

ವಿಡಿಯೊ ಈಗಲೂ ಇಂಟರ್ನೆಟ್ಟಿನಲ್ಲಿದೆ. ಮೊನ್ನೆ ಸ್ಮಿತಾ ತನ್ನ ಫೋನಿನಲ್ಲಿ ಅದನ್ನು ಕೇಳುತ್ತಿದ್ದವಳು ಹುಬ್ಬು ಗಂಟಿಕ್ಕಿದಳು. ನಿಂಗಮ್ಮನ ಸಾಲು ಮುಗಿದು ದ್ಯಾವಮ್ಮನ ಸೊಲ್ಲು ಬರುವ ನಡುವೆ, ಪ್ರತಿ ಸಲವೂ, ಒಂದು ಉಸಿರಿನಷ್ಟು ಹೊತ್ತು ಏನೂ ಕೇಳಿಸುವುದಿಲ್ಲ.

"ದೊಡ್ಡಮ್ಮ, ಇಲ್ಲಿ ಸೌಂಡ್ ಹೋಗಿದೆ ನೋಡಿ. ಸರಿ ಮಾಡಿಸಬಹುದಿತ್ತಲ್ಲ?"

"ಹೋಗಿಲ್ಲ ಕಣೇ" ಎಂದೆ. "ಅಷ್ಟಕ್ಕೆ ನಮಗೆ ಒಪ್ಪಿಗೆ ಇಲ್ಲ."